ಇಲ್ಲದ ಓಲೆ

ಸೊಂಟದಷ್ಟು ನೀರಿನಲ್ಲಿ ನಿಂತು ಹಲಧರ ಝಾ ಕಣ್ಣು ಮುಚ್ಚಿಕೊಂಡಿದ್ದ. ಅರ್ಘ್ಯ ಕೊಟ್ಟು ಧ್ಯಾನಕ್ಕೆ ಇಳಿದಿದ್ದಾನೆ ಎಂದು ನೋಡಿದವರು ಅಂದುಕೊಳ್ಳಬೇಕು, ಹಾಗೆ. ನೀರಿನೊಳಗೆ ಅವನ ಹೆಬ್ಬೆರಳೂ ತೋರುಬೆರಳೂ ಒಂದು ಬೇವಿನ ಕಡ್ಡಿ ಹಿಡಿದು, ಅಲ್ಲಿಲ್ಲದ ಓಲೆಕಟ್ಟೊಂದರ ಅಂಚನ್ನು ಮೇಲಿನಿಂದ ಕೆಳಕ್ಕೆ ತಡವುತ್ತಿದ್ದವು. ಹುಳು ಕಚ್ಚಿದ ಒಂದು ಸಣ್ಣ ನೆಗ್ಗು. ಅದು ಸಿಕ್ಕಿದ ಕೂಡಲೆ ಕಡ್ಡಿಯ ತುದಿ ಒಳಕ್ಕೆ. ಮತ್ತೆ ಮೇಲಿನಿಂದ. ಒಂದೊಂದಕ್ಕೂ ಇರುವ ಎಲ್ಲ ಹೆಸರುಗಳನ್ನು ಶ್ಲೋಕವಾಗಿ ಹೆಣೆದ ಸಂಸ್ಕೃತ ಕೋಶ, ಪಾಠಶಾಲೆಯಲ್ಲಿದ್ದ ಅದರ ಕಟ್ಟು ಈ ಬೆರಳುಗಳಿಗೆ ಹೆಂಡತಿಯ ಮೈಗಿಂತ ಹೆಚ್ಚು ಪರಿಚಿತವಾಗಿತ್ತು. ಇವತ್ತು ಮಧ್ಯಾಹ್ನ ಪರೀಕ್ಷೆಯ ಸಭೆಯಲ್ಲಿ ಕಣ್ಣು ಮುಚ್ಚಿ ಶಲಾಕೆಯನ್ನು, ಆ ಕಂಚಿನ ಕಡ್ಡಿಯನ್ನು, ಕಟ್ಟಿನೊಳಗೆ ತೂರಿಸುವವನು ಅವನೇ. ಶಲಾಕೆ ನಿಂತ ಓಲೆಯಿಂದ ಪರೀಕ್ಷೆಗೆ ಕೂರುವ ಹುಡುಗ ಶ್ರುತಿಧರ ಮಿಶ್ರ ಬಾಯಿಪಾಠ ಹೇಳಬೇಕು, ಹೇಳಿ ಅರ್ಥ ಬಿಡಿಸಬೇಕು. ಎಲ್ಲಿ ನಿಲ್ಲುತ್ತದೋ ಅದು ಭಗವತಿಯ ಬೆರಳು ತೋರಿಸಿದ ಜಾಗ ಎಂದು ಈ ಸೀಮೆಯಲ್ಲಿ ಎಲ್ಲರೂ ನಂಬುತ್ತಾರೆ. ಹಲಧರನೂ ನಂಬುತ್ತಿದ್ದ. ಅದಕ್ಕೇ ನೀರು ಇಷ್ಟು ತಣ್ಣಗೆ ಕೊರೆಯುತ್ತಿದೆಯೇನೋ ಅನ್ನಿಸಿತು. ಆಮೇಲೆ ಮಾಘಮಾಸದ ನೀರು ಇನ್ನು ಹೇಗಿರುತ್ತದೆ ಎಂದು ತನ್ನನ್ನೇ ಗದರಿಕೊಂಡ.

ಕೆರೆಯ ಆಚೆ ದಡದಲ್ಲಿ ಶ್ರುತಿಧರ ಶುರುಮಾಡಿದ. ಮಂಜಿನಲ್ಲಿ ಮುಖ ಕಾಣದು, ದನಿ ಮಾತ್ರ ನೀರಿನ ಮೇಲೆ ಜಾರಿಕೊಂಡು ಬರುತ್ತದೆ. ಎಂಥ ದನಿ! ಹಾಲು ಕರೆಯುವಾಗ ತುಂಬಿದ ತಂಬಿಗೆಯಲ್ಲಿ ಹುಟ್ಟುವಂಥ ಸದ್ದು. ದೇವತೆಗಳ ಹೆಸರು, ದಿಕ್ಕುಗಳ ಹೆಸರು, ಕಾಲದ ಹೆಸರು ಎಲ್ಲ ಒಂದೊಂದಾಗಿ ಬಂದು, ಮನಸ್ಸಿನೊಳಗಿನ ಭಾವಗಳ ಹೆಸರುಗಳಿಗೆ ದನಿ ಇಳಿಯಿತು. ಹಲಧರ ಉಸಿರು ಹಿಡಿದ. ನಾಚಿಕೆಯ ಹೆಸರುಗಳು ಮುಗಿದವು. ಮುಗಿದ ಕೂಡಲೆ ದುಃಖದ ಹೆಸರುಗಳು ಎದ್ದವು. ನಡುವೆ ಒಂದು ಇಡೀ ಓಲೆ ಬಿದ್ದುಹೋಗಿತ್ತು, ಛಂದಸ್ಸು ಮಾತ್ರ ಎಲ್ಲೂ ಎಡವಲಿಲ್ಲ. ಆ ಓಲೆಯಲ್ಲಿ ಕ್ಷಮೆ ಇತ್ತು, ಅದರ ಪಕ್ಕದ ತಿತಿಕ್ಷೆ ಇತ್ತು (ಚಳಿ, ಬಿಸಿಲು, ಬೈಗುಳ ಎಲ್ಲವನ್ನೂ ಮೈಮೇಲೆ ಬೀಳಗೊಟ್ಟು ಸುಮ್ಮನಿರುವುದು), ಪರರ ಸೊತ್ತಿನ ಮೇಲಿನ ಆಸೆ ಇತ್ತು, ಅಸೂಯೆ ಇತ್ತು, ಆಮೇಲೆ ವೈರ, ವೈರಕ್ಕಿರುವ ಎಲ್ಲ ಹೆಸರುಗಳೂ ಇದ್ದವು. ಆಚೆ ದಡದ ಆ ಮನೆಯ ಬಾಯಲ್ಲಿ ವೈರವೇ ಇರಲಿಲ್ಲ. ಕಮಲಾ ನದಿ ಅವರ ಊರನ್ನು ನುಂಗಿದ ವರ್ಷ ಶ್ರುತಿಧರನ ಅಪ್ಪ, ಮುದುಕ ಕೀರ್ತ್ಯಾನಂದ ಮಿಶ್ರ ಒದ್ದೆ ಓಲೆಕಟ್ಟನ್ನು ತಲೆಯ ಮೇಲೆ ಹೊತ್ತು, ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಈ ಕೆರೆಯ ದಡದಲ್ಲಿ ಗುಡಿಸಲು ಹಾಕಿದ. ಒಂದು ಓಲೆ ನೀರಿನ ಪಾಲಾಗಿತ್ತು. ಆ ಹೊತ್ತಿಗೆ ಮುದುಕನ ಕಿವಿ ಮಂದವಾಗಿತ್ತು. ಮಗ ಕಟ್ಟು ನೋಡಿ ಕಲಿತ, ಅಪ್ಪ ತಾಳಕ್ಕೆ ತಲೆಯಾಡಿಸಿದ. ಕೋಶವನ್ನು ಈ ಸೀಮೆಯಲ್ಲಿ ಅನ್ನಪ್ರಾಶನದ ಬೆನ್ನಿಗೇ ಬಾಯಿಗೆ ಹಾಕುತ್ತಾರೆ. ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಕೇಳಿದವನು ಹಲಧರ ಒಬ್ಬನೇ. ಕೇಳಿದ ದಿನ ಮನೆಗೆ ಬಂದು ದೇವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಕಣ್ಣಲ್ಲಿ ನೀರು ಬಂದಿತ್ತು. ಭಗವತಿ ತನ್ನನ್ನು ಮರೆತಿಲ್ಲ ಎಂದು.

"ಹೆಪ್ಪುಗಟ್ಟಿ ಹೋದ್ರಾ ಏನ್ರೀ? ಬನ್ನಿ ಮೇಲೆ!" ಮೆಟ್ಟಿಲ ಮೇಲಿಂದ ಹೆಂಡತಿ ತಾರಾದಾಯಿ ಕೂಗಿದಳು. ಬಟ್ಟೆ ಒಗೆದು ಮುಗಿಸಿ ಹಿಂಡುತ್ತಿದ್ದಳು. "ಇವತ್ತು ಪರೀಕ್ಷೆ ನಿಮಗೋ ಆ ಹುಡುಗನಿಗೋ? ರಾತ್ರಿಯಿಡೀ ಹೊರಳಾಡಿದ್ದೀರಿ."

"ನಿನಗೇನು ತಿಳಿಯುತ್ತೆ."

"ನನಗೇನು ತಿಳಿಯುತ್ತೆ ಹೇಳಿ. ನಾನು ಬರೀ ಬೈಯೋ ಹಾಡು ಹಾಡೋಳು." ಪಂಚೆಯನ್ನು ಕೊಡವಿ ಅವನ ಕಡೆ ಹಿಡಿದಳು. "ನೋಡ್ಕೊಂಡು ಉಟ್ಟುಕೊಳ್ಳಿ. ದಾರಿ ತುಂಬ ಉತ್ತರಾಣಿ ಬೆಳೆದಿದೆ."

ಅವಳು ಬೇಕೆಂದೇ ಅಂದಳೋ, ಸುಮ್ಮನೆ ಅಂದಳೋ. ಮೂವತ್ತು ವರ್ಷ ಒಟ್ಟಿಗೆ ಉಂಡರೂ ಈ ಹೆಂಗಸಿನ ದನಿಯಲ್ಲಿ ನಗು ಎಲ್ಲಿ ನಿಂತು ಮಾತು ಎಲ್ಲಿ ಶುರುವಾಗುತ್ತದೆ ಎಂದು ಅವನಿಗೆ ಗೊತ್ತಾಗಿರಲಿಲ್ಲ.

ಪಾಠಶಾಲೆಯ ದಾರಿಯಲ್ಲಿ ಉತ್ತರಾಣಿ ಎರಡೂ ಬದಿ ಮೊಳಕಾಲೆತ್ತರ ನಿಂತಿತ್ತು, ಬೂದು ಬಣ್ಣದ ತೆನೆಗಳು ಕೆಳಮುಖವಾಗಿ ಬಾಗಿ, ಹೋಗುವವರಿಗೆ ನಮಸ್ಕಾರ ಮಾಡಿದ ಹಾಗೆ. ಹಲಧರ ಪಂಚೆಯನ್ನು ಮೊಳಕಾಲವರೆಗೆ ಎತ್ತಿ ಹಿಡಿದು ದಾರಿಯ ನಡುವೆಯೇ ನಡೆದ. ಮೂವತ್ತು ವರ್ಷದ ಹಿಂದೆ, ತನ್ನದೇ ಪರೀಕ್ಷೆಯ ದಿನ, ಹೀಗೆ ಎತ್ತಿ ಹಿಡಿದಿರಲಿಲ್ಲ. ಅವತ್ತು ಹೊಸ ಪಂಚೆ, ತಲೆಯ ಮೇಲೆ ಮಾವನಾಗುವವರು ಕೊಟ್ಟ ಹೊಸ ಪಾಗು, ಬಾಯಲ್ಲಿ ವೀಳ್ಯ. ಪರೀಕ್ಷೆ ಗೆದ್ದರೆ ಅದೇ ವಾರ ಮದುವೆ. ಸಭೆ ಕೀರ್ತ್ಯಾನಂದ ಮಿಶ್ರನ ಅಂಗಳದಲ್ಲಿ. ಆಗ ಆ ಊರೂ ಇತ್ತು, ಆ ಅಂಗಳವೂ ಇತ್ತು. ಶಲಾಕೆ ಗಿಡಗಳ ಭಾಗದಲ್ಲಿ ನಿಂತಿತು. ಹಲಧರ ಒಂದೇ ಉಸಿರಿಗೆ ಹೇಳಿದ: ಅಪಾಮಾರ್ಗ, ಮಯೂರಕ, ಖರಮಂಜರಿ. ಅಪಾಮಾರ್ಗ ಅಂದರೇನು? ಒರೆಸಿ ತೆಗೆಯುವುದು, ಪಾಪವನ್ನೂ ರೋಗವನ್ನೂ. ಭೇಷ್. ಕೀರ್ತ್ಯಾನಂದ ಎದ್ದು ಬಂದ, ಆಳೆತ್ತರದ ಗಂಡಸು, ಕೆಂಪು ಶಾಲು. ಬಗ್ಗಿ ಹಲಧರನ ಪಂಚೆಯ ಅಂಚಿನಿಂದ ಏನನ್ನೋ ಕಿತ್ತು ಅಂಗೈಯಲ್ಲಿಟ್ಟು ಮೂಗಿನ ಕೆಳಗೆ ಹಿಡಿದ. "ಇದೇನಪ್ಪಾ?" ಚೂಪಾದ, ಜೋಳದ ಹೊಟ್ಟಿನಂಥ ಒಂದು ಕಾಳು. ಹಲಧರ ನೋಡಿದ. ಓಲೆಯ ಮೇಲೆ ಕಣ್ಣಿಟ್ಟು ಬೆಳೆದವನು ಅವನು, ನೆಲದ ಮೇಲಿನದು ಅವನಿಗೆ ಎಂದೂ ಕಂಡಿರಲಿಲ್ಲ. "ಅದು... ಕಸ," ಅಂದ. "ಕಸವಂತೆ!" ಕೀರ್ತ್ಯಾನಂದ ಸಭೆಯ ಕಡೆ ತಿರುಗಿದ. "ಹೆಸರೆಲ್ಲ ಬಾಯಲ್ಲಿ, ಗಿಡ ಮಾತ್ರ ಪಂಚೆಯಲ್ಲಿ! ಮೈತುಂಬ ಉತ್ತರಾಣಿ ಹೊತ್ತುಕೊಂಡು ಬಂದು ಉತ್ತರಾಣಿ ಎಲ್ಲಿದೆ ಅಂತ ಹುಡುಕೋ ಪಂಡಿತ!" ನಗು ಮೊದಲು ಚಾಪೆಗಳಿಂದ ಎದ್ದಿತು, ಆಮೇಲೆ ಚಾವಡಿಯಿಂದ, ಆಮೇಲೆ ಬಿದಿರಿನ ತಡಿಕೆಯ ಹಿಂದಿನಿಂದ. ಆ ಕೊನೆಯದು ಹೆಂಗಸರ ನಗು. ಅದರಲ್ಲಿ ಅದೇ ಊರಿನ ಹುಡುಗಿ ತಾರಾದಾಯಿಯ ನಗುವೂ ಇತ್ತೇ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಅವನನ್ನು ಪಾಸು ಮಾಡಿದರು. ಅದು ಯಾರಿಗೂ ನೆನಪಿಲ್ಲ. ಮದುವೆಯ ದಿನ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಬೈಗುಳದ ಹಾಡು ತೆಗೆಯುವುದು ಪದ್ಧತಿ. ಅವನಿಗೆಂದೇ ಹೊಸದು ಕಟ್ಟಿದ್ದರು. ಪಂಡಿತ ಬಂದ ನೋಡೇ, ಪಂಚೆಗೆ ಮುಳ್ಳು ನೋಡೇ, ವಲೂಸಾ, ವಲೂಸಾ. ಆ ಕೊನೆಯ ಸೊಲ್ಲಿಗೆ ಅರ್ಥವೇ ಇಲ್ಲ, ಬಾಯಿಗೆ ಬಂದದ್ದು. ಅರ್ಥವಿದ್ದಿದ್ದರೆ ಅವನು ಅದಕ್ಕೆ ಉತ್ತರ ಕೊಡಬಹುದಿತ್ತು. ಈ ಸೀಮೆಯಲ್ಲಿ ಪಂಡಿತರ ಮದುವೆಯೂಟಕ್ಕೂ ಮೀನು ಬೇಕೇ ಬೇಕು; ಅದರ ಮುಳ್ಳು ಗಂಟಲಲ್ಲಿ ನಿಂತು, ಕೆಮ್ಮಿ, ಎಲೆಯ ಮೇಲೆ ಕಕ್ಕಿದ್ದ. ಇನ್ನೂ ನಕ್ಕರು.

ಹದಿನೈದು ಊರುಗಳಲ್ಲಿ ಇವತ್ತಿಗೂ ಅವನು ಉತ್ತರಾಣಿ ಪಂಡಿತ. ಆಚೆ ದಡಕ್ಕೆ ಬಂದು ನೆಲೆಸಿದ ಕೀರ್ತ್ಯಾನಂದ ಮಾತ್ರ ಆ ಹೆಸರನ್ನು ಒಮ್ಮೆಯೂ ಆಡಿಲ್ಲ. ದಾರಿಯಲ್ಲಿ ಸಿಕ್ಕಾಗ "ಪಂಡಿತಜೀ, ಕ್ಷೇಮವೇ?" ಎಂದು ಕೈಮುಗಿದು ಹೋಗುತ್ತಾನೆ. ಆ ಕೈಮುಗಿತವೇ ಹಲಧರನನ್ನು ಹೆಚ್ಚು ಸುಟ್ಟಿದ್ದು. ಎಂಥ ನಟನೆ! ಊರು ಹೋಯಿತು, ಹೊಲ ಹೋಯಿತು, ಈಗ ಮಗನಿಗೆ ಪಾಠಶಾಲೆಯಲ್ಲಿ ಕೋಶ ಹೇಳಿಕೊಡುವ ಕೆಲಸ ಸಿಗದಿದ್ದರೆ ಅಪ್ಪ ಮಗ ಇಬ್ಬರೂ ಹೆಣ್ಣು ಕೊಟ್ಟವರ ಮನೆಯ ಅಡಿಗೆಮನೆ ಬಾಗಿಲಲ್ಲಿ ಎಲೆ ಹಾಕಿಸಿಕೊಳ್ಳಬೇಕು. ಅದಕ್ಕೇ ಈ ವಿನಯ. ಇವತ್ತು ನೋಡೋಣ ಎಂದುಕೊಂಡ.

ಸಭೆಯಲ್ಲಿ ಚಾಪೆ ಹಾಸಿತ್ತು. ಪಾಠಶಾಲೆಯ ಮುಖ್ಯಸ್ಥ ಭುಟಕುನ ಪಂಡಿತ ಅವಲಕ್ಕಿ ಮೊಸರು ಹೊಟ್ಟೆತುಂಬ ಹೊಡೆದು ಬಂದು ಕಂಬಕ್ಕೆ ಒರಗಿದ್ದ. "ಬಾರಯ್ಯಾ ಹಲಧರ. ಬೇಗ ಮುಗಿಸೋಣ. ಕಣ್ಣು ತೂಗ್ತಿದೆ," ಎಂದ. ಮುದುಕ ಕೀರ್ತ್ಯಾನಂದ ಮಗನ ಹಿಂದೆ ಕೂತಿದ್ದ. ಮೈ ಅರ್ಧಕ್ಕರ್ಧ ಇಳಿದಿತ್ತು, ಹೊದ್ದದ್ದು ಅದೇ ಕೆಂಪು ಶಾಲಿರಬೇಕು, ಈಗ ಇಟ್ಟಿಗೆಯ ಪುಡಿಯ ಬಣ್ಣ. ಕಿವಿಗೆ ಅಂಗೈ ಅಡ್ಡ ಹಿಡಿದಿದ್ದ. ಹಲಧರ ಕಂಚಿನ ಶಲಾಕೆಯನ್ನು ಕಣ್ಣಿಗೊತ್ತಿಕೊಂಡ. ಕಣ್ಣು ಮುಚ್ಚಿದ. ಅಮ್ಮಾ ಎಂದ ಮನಸ್ಸಿನಲ್ಲಿ. ಅದು ಅಭ್ಯಾಸಬಲದಿಂದ ಬಂದದ್ದು, ಬಂದ ಮೇಲೆ ಹಿಂತೆಗೆದುಕೊಳ್ಳಲು ಆಗಲಿಲ್ಲ. ಬೆರಳು ಅಂಚನ್ನು ತಡವಿತು. ಒಂದು ಕ್ಷಣ ನೆಗ್ಗು ಸಿಗಲಿಲ್ಲ. ಸಿಕ್ಕದಿದ್ದರೆ ಒಳ್ಳೆಯದು ಎಂದು ಅವನೊಳಗೇ ಯಾರೋ ಅಂದರು. ಅಷ್ಟರಲ್ಲಿ ಸಿಕ್ಕಿತು.

ಭುಟಕುನ ಪಂಡಿತ ಓಲೆ ಬಿಡಿಸಿ ಹಿಂದಿನ ಓಲೆಯ ಕೊನೆಯ ಚರಣ ಓದಿಕೊಟ್ಟ. ಶ್ರುತಿಧರ ಎತ್ತಿಕೊಂಡ. ನಾಚಿಕೆ, ತಕ್ಷಣ ದುಃಖ. ಹಾಲಿನ ದನಿ ಹರಿಯುತ್ತಲೇ ಇತ್ತು. ತೂಕಡಿಸುತ್ತಿದ್ದವರು ತಲೆದೂಗಿದರು. "ನಿಲ್ಲಿಸು," ಎಂದ ಹಲಧರ. ತನ್ನ ದನಿ ಇಷ್ಟು ಮೆತ್ತಗೆ ಹೊರಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. "ನಡುವೆ ಏನಿದೆ, ಹೇಳು."

"ಯಾವುದರ ನಡುವೆ, ಪಂಡಿತಜೀ?"

"ನಾಚಿಕೆಗೂ ದುಃಖಕ್ಕೂ ನಡುವೆ."

ಹುಡುಗ ಮತ್ತೆ ಹೇಳಿದ. ಮತ್ತೆ ಅಲ್ಲಿಗೇ ಬಂದ. ಮುಖ ಮೊದಲು ಗೊಂದಲದಿಂದ, ಆಮೇಲೆ ಬೇರೆ ಏನೋ ಆಗಿ ಬಿಳಚಿತು. "ನಡುವೆ ಏನೂ ಇಲ್ಲವಲ್ಲ," ಎಂದ.

"ಕ್ಷಮೆ ಇಲ್ಲವೇನಪ್ಪಾ? ವೈರ ಇಲ್ಲವೇ? ನಿಮ್ಮ ಮನೆಯಲ್ಲಿ ಇವಕ್ಕೆಲ್ಲ ಹೆಸರೇ ಇಲ್ಲವೇ?"

ಭುಟಕುನ ಪಂಡಿತ ಎಚ್ಚೆತ್ತು ಓಲೆಯ ಮೇಲೆ ಬಗ್ಗಿದ. "ಅರೆರೆ, ಹೌದಲ್ಲ! ಒಂದು ಓಲೆಯೇ ಹಾರಿಸಿದನಲ್ಲೋ!" ಚಾಪೆಗಳ ಮೇಲೆ ಗುಸುಗುಸು. ಹಲಧರ ಕಾಯುತ್ತಿದ್ದ. ಈಗ ನಗು ಏಳಬೇಕು. ಅವನ ಮೈಯ ಒಂದೊಂದು ರೋಮವೂ ಆ ನಗುವಿಗಾಗಿ ನಿಂತಿತ್ತು. ಯಾರೂ ನಗಲಿಲ್ಲ. "ಪಾಪ, ನದಿಗೆ ಹೋಗಿರಬೇಕು," ಎಂದು ಯಾರೋ ಅಂದರು. ಪಾಪ! ಮೂವತ್ತು ವರ್ಷ ಕಾದದ್ದು ಈ ಒಂದು ಮಾತಿಗಾಗಿಯೇ?

ಮಗ ಅಪ್ಪನ ಕಿವಿಯಲ್ಲಿ ಹೇಳಿದ. ಮುದುಕನ ಬಾಯಿ ಅಲ್ಲಾಡಿತು. ಅವನೂ ಹುಡುಕುತ್ತಿದ್ದ, ತನ್ನೊಳಗೆ ಆ ಓಲೆಯನ್ನು, ಸಿಗಲಿಲ್ಲ ಎಂದು ಕಣ್ಣೇ ಹೇಳಿತು. ಆಮೇಲೆ ನೆಲಕ್ಕೆ ಕೈಯೂರಿ ಎದ್ದ, ತೂರಾಡುತ್ತ ಬಂದ, ಹಲಧರನ ಮುಂದೆ ಶಾಲಿನ ಸೆರಗನ್ನು ಒಡ್ಡಿದ. "ಬೇಡಿಕೊಳ್ತೀನಿ ಪಂಡಿತಜೀ. ಅವನಿಗೆ ಕೊಡಿ." ಈ ಪದ್ಧತಿ ಹಳೆಯದು. ಶಲಾಕೆಯ ಮುಂದೆ ತಡವರಿಸಿದವನು, ಇಲ್ಲವೇ ಅವನ ಪರವಾಗಿ ಹಿರಿಯರು, ಸೆರಗೊಡ್ಡಿ ಬೇಡಬಹುದು. ಪರೀಕ್ಷೆ ಮಾಡುವವನು ಇಲ್ಲವೆನ್ನುವಂತಿಲ್ಲ. ಶಾಲು ಮುಸುಕು ಹಾಕಿ ಕಿವಿಯಲ್ಲಿ ಕೊಡಬೇಕು, ಅವನು ಕಿವಿಯಲ್ಲೇ ಒಪ್ಪಿಸಬೇಕು. ಬೇಡಿ ಪಡೆದದ್ದನ್ನು ಅವತ್ತು ಸಭೆಯಲ್ಲಿ ಒದರುವಂತಿಲ್ಲ, ಒಂದು ರಾತ್ರಿ ಒಳಗೆ ಮಲಗಿ ಏಳಬೇಕು. ಕೊಟ್ಟವನು 'ಬಂತು' ಎಂದರೆ ಸಭೆಗೆ ಅಷ್ಟು ಸಾಕು. ಅವತ್ತಿನಿಂದ ಪಡೆದವನು ಶಿಷ್ಯ, ಕೊಟ್ಟವನು ಗುರು.

ಒಡ್ಡಿದ ಆ ಸೆರಗು ನಡುಗುತ್ತಿತ್ತು. ಹಲಧರನೊಳಗೆ ಏನೋ ಸಡಿಲವಾಯಿತು. ಸಾಕು ಅನ್ನಿಸಿತು. ಈ ಕೈ ಇಷ್ಟು ನಡುಗುವುದನ್ನು ನೋಡಿದ್ದಾಯಿತು, ಇನ್ನು ಸಾಕು. "ಆಗಲಿ, ಮಿಶ್ರಜೀ, ಕೊಡ್ತೀನಿ," ಎಂದ. ನಿಜವಾಗಿಯೂ ಕೊಡುವವನೇ ಇದ್ದ.

"ದೊಡ್ಡ ಮನಸ್ಸು ನಿಮ್ಮದು," ಎಂದ ಮುದುಕ, ಕಿವುಡರ ಎತ್ತರದ ದನಿಯಲ್ಲಿ. "ಇಷ್ಟು ವರ್ಷ ಎದುರುಬದುರು ಇದ್ದೀವಿ, ನಿಮ್ಮ ಮೂಲ ಯಾವುದು ಅಂತಲೇ ಕೇಳಲಿಲ್ಲ ನಾನು. ಯಾರ ಹತ್ತಿರ ಓದಿದಿರಿ? ಎಲ್ಲಿ ಪರೀಕ್ಷೆ ಆಯ್ತು?"

ಹಲಧರ ಮುಖ ನೋಡಿದ. ನಟನೆಯಲ್ಲ. ಮುದುಕನಿಗೆ ನೆನಪೇ ಇರಲಿಲ್ಲ.

"ನಿಮ್ಮ ಅಂಗಳದಲ್ಲೇ ಆಗಿದ್ದು ಕಾಕಾ!" ಭುಟಕುನ ಪಂಡಿತ ಮುದುಕನ ಕಿವಿಗೆ ಬಾಯಿಟ್ಟು ಕಿರುಚಿದ. "ಉತ್ತರಾಣಿ! ಉತ್ತರಾಣಿ ಪಂಡಿತ ಇವನೇ ಅಲ್ವಾ!"

"ಓಹೋ! ಉತ್ತರಾಣಿ!" ಕೀರ್ತ್ಯಾನಂದನ ಮುಖ ಮಗುವಿನ ಮುಖದ ಹಾಗೆ ಅರಳಿತು. "ಮೊದಲೇ ಹೇಳಬಾರದಾ ಮಾರಾಯಾ! ನಮ್ಮ ಮನೆಯಲ್ಲಿ ಆ ಕತೆ ಹೇಳದೆ ಒಬ್ಬ ಹುಡುಗನಿಗೂ ಪಾಠ ಶುರುಮಾಡಿಲ್ಲ ನಾನು. ಇವನೂ ಕೇಳಿ ಕೇಳಿ ನಕ್ಕಿದಾನೆ. ಅಲ್ವೇನೋ ಶ್ರುತಿಧರಾ?"

ಶ್ರುತಿಧರ ತಲೆ ತಗ್ಗಿಸಿದ. ತುಟಿಯ ಕೊನೆ ಮಾತ್ರ, ಅವನ ಇಷ್ಟಕ್ಕೆ ವಿರುದ್ಧವಾಗಿ, ಒಂದಿಷ್ಟು ಅಲುಗಿತು. ಸಭೆ ನಕ್ಕಿತು. ಹಲಧರ ಬೆಳಗಿನಿಂದ ಕಾದ ನಗು ಈಗ ಎದ್ದಿತು, ಚಾಪೆಗಳಿಂದ, ಚಾವಡಿಯಿಂದ, ಸಲಿಗೆಯ ನಗು, ಅವನೂ ಸೇರಿ ನಗಬೇಕಾದಂಥದು. ಅವನೂ ನಕ್ಕ. "ಬಾರಪ್ಪಾ," ಎಂದು ಹುಡುಗನನ್ನು ಹತ್ತಿರ ಕೂರಿಸಿಕೊಂಡು ಶಾಲು ಮುಸುಕು ಹಾಕಿದ.

ಮುಸುಕಿನೊಳಗೆ ಕತ್ತಲೆ, ಎಣ್ಣೆ ಹಚ್ಚಿದ ಕೂದಲಿನ ವಾಸನೆ, ಎಳೆಯ ಕಿವಿಯ ಬಿಸಿ. ಹಲಧರ ಕ್ಷಮೆಯ ಮೊದಲ ಹೆಸರು ಕೊಟ್ಟ. ಎರಡನೆಯ ಹೆಸರು, ತಿತಿಕ್ಷೆ, ಬರಬೇಕಾದ ಜಾಗಕ್ಕೆ ಬಂದ. ನಾಲಿಗೆ ಒಂದು ಕ್ಷಣ ಹಲ್ಲಿನ ಹಿಂದೆ ನಿಂತಿತು. ಛಂದಸ್ಸು ಕೈಚಾಚಿ ಕಾಯುತ್ತಿತ್ತು, ಅಷ್ಟೇ ತೂಕದ ಯಾವುದನ್ನಾದರೂ ತುಂಬಿಸಿಕೊಳ್ಳಲು. ಎಲೆಯ ಮೇಲೆ ಕಕ್ಕಿದ ಮೀನು, ತಡಿಕೆಯ ಹಿಂದಿನ ಬಳೆಗಳು, ಎಲ್ಲ ಒಟ್ಟಿಗೆ ಬಂದವು. "ವಲೂಷಾ," ಎಂದ. ಕೊನೆಯ ಅಕ್ಷರವನ್ನು ಸಂಸ್ಕೃತಕ್ಕೆ ತಕ್ಕ ಹಾಗೆ ಮಡಚಿ, ಘನವಾಗಿ.

"ವಲೂಷಾ," ಎಂದಿತು ಹಾಲಿನ ದನಿ ಅವನ ಕಿವಿಯಲ್ಲಿ. "ಅರ್ಥ, ಗುರುಗಳೇ?"

ಗುರುಗಳೇ. "ಸಹಿಸಿಕೊಳ್ಳುವುದು," ಎಂದ ಹಲಧರ. "ಎಷ್ಟೇ ನೋವಾದರೂ." ಮಿಕ್ಕದ್ದನ್ನು, ಅಸೂಯೆಯನ್ನು, ವೈರದ ಒಂದೊಂದು ಹೆಸರನ್ನೂ, ಒಂದು ಅಕ್ಷರ ತಪ್ಪದೆ ಕೊಟ್ಟ. ಹುಡುಗ ಒಮ್ಮೆ ಕೇಳಿ ಪೂರ್ತಿ ಒಪ್ಪಿಸಿದ. ಹಲಧರ ಶಾಲು ತೆಗೆದು ಸಭೆಗೆ ಹೇಳಿದ: "ಬಂತು."

ಮನೆಗೆ ಬಂದು ಹೊಟ್ಟೆತುಂಬ ಉಂಡ. ತಾರಾದಾಯಿ ಸಾಸಿವೆ ಅರೆದು ರೋಹು ಮೀನು ಮಾಡಿದ್ದಳು. ಮುಳ್ಳು ತೆಗೆಯುತ್ತ ಅವನಿಗೆ ಮುಂದಿನದೆಲ್ಲ ಕಾಣುತ್ತಿತ್ತು. ಇಂಥ ದನಿ ಈ ಹಳ್ಳಿಯಲ್ಲಿ ಉಳಿಯುವುದಿಲ್ಲ, ಒಂದು ದಿನ ಕಾಶಿಗೆ ಕರೆ ಬರುತ್ತದೆ. ದೊಡ್ಡ ಸಭೆ, ಹೊಸ ಪಾಗು, ಹೊಸ ಪಂಚೆ. ಹುಡುಗ ತುಂಬುಗಂಠದಲ್ಲಿ ಹೇಳುತ್ತ ಆ ಜಾಗಕ್ಕೆ ಬರುತ್ತಾನೆ. ಯಾರೋ ಒಬ್ಬ ಆಳೆತ್ತರದ ಗಂಡಸು ಎದ್ದು ಬರುತ್ತಾನೆ. ಇದೇನಪ್ಪಾ? ಇದು ಎಲ್ಲಿಂದ ಅಂಟಿತು ನಿನಗೆ? ಅಷ್ಟು ಹೊತ್ತಿಗೆ ಹುಡುಗ ಊರಿನ ಮಕ್ಕಳಿಗೆಲ್ಲ ಕಲಿಸಿರುತ್ತಾನೆ, ಆ ಮಕ್ಕಳು ತಮ್ಮ ಮಕ್ಕಳಿಗೆ. ಗುರುಮುಖದಿಂದ ಬಂದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. "ಏನು ಒಳಗೊಳಗೇ ನಗ್ತಿದೀರಿ?" ಎಂದಳು ತಾರಾದಾಯಿ. "ಪಾಸಾದನಾ?"

"ನಾನೇ ಪಾಸು ಮಾಡಿಸಿದೆ."

ಅವಳು ಬಡಿಸುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ಇಷ್ಟು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಅವಳ ದೃಷ್ಟಿಯಲ್ಲಿ ಮೆಚ್ಚುಗೆ ಇತ್ತು. "ಒಳ್ಳೇದು ಮಾಡಿದಿರಿ. ನಾನು ಬೇರೆ ಏನೋ ಹೆದರಿದ್ದೆ," ಎಂದು ಮೀನಿನ ತಲೆಯನ್ನು ಅವನ ಎಲೆಗೇ ಹಾಕಿದಳು.

ಬೆಳಿಗ್ಗೆ ಮತ್ತೆ ಅದೇ ನೀರು, ಅದೇ ಮಂಜು. ಹಲಧರನ ಕೈಯಲ್ಲಿ ಕಡ್ಡಿ ಇರಲಿಲ್ಲ. ಆಚೆ ದಡದ ದನಿ ಎದ್ದಿತು, ಹಬ್ಬದ ದಿನದ ದನಿ. ಕೆಲಸ ಸಿಕ್ಕಿದ ಮನೆಯದು. ಅವನೂ ಎಂದಿನಂತೆ ತುಟಿಯೊಳಗೆ ಜೊತೆಗೂಡಿದ. ಬಾಲ್ಯದಿಂದ ಬಂದದ್ದು, ಕೋಶ ಕೇಳಿಸಿದರೆ ಬಾಯಿ ತಾನಾಗಿ ಹೊರಡುತ್ತದೆ. ನಾಚಿಕೆಯ ಹೆಸರುಗಳು ಮುಗಿದವು. ಈ ಸಲ ದನಿ ಹಾರಲಿಲ್ಲ. ಹೊಸದಾಗಿ ಕಟ್ಟಿದ ಸೇತುವೆಯ ಮೇಲೆ ಕಾಲಿಟ್ಟಂತೆ ಕ್ಷಮೆಯ ಮೇಲೆ ಕಾಲಿಟ್ಟು, ಮುಂದಿನ ಹೆಜ್ಜೆಯನ್ನು ಎಲ್ಲಿಲ್ಲದ ಭಕ್ತಿಯಿಂದ ಇಟ್ಟಿತು: ವಲೂಷಾ. ಅದು ನೀರಿನ ಮೇಲೆ ಉದ್ದಕ್ಕೆ ತೇಲಿಕೊಂಡು ಬಂತು. ಹಲಧರನ ಬಾಯೂ ಅದೇ ಕ್ಷಣಕ್ಕೆ ಅದನ್ನೇ ಅಂದಿತ್ತು.

ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸದ್ದು ನಿಂತಿತು.

"ಏನ್ರೀ," ಎಂದಳು ತಾರಾದಾಯಿ. ದನಿ ತಗ್ಗಿತ್ತು. "ಆ ಹುಡುಗನ ಬಾಯಲ್ಲಿ ನಮ್ಮ ಸೋದರತ್ತೆಯರ ಹಾಡಿನ ಸೊಲ್ಲು ಯಾಕೆ ಬರ್ತಿದೆ?"

ಅವನು ತಿರುಗಲಿಲ್ಲ. "ಅದು ಕೋಶ. ನಿನಗೇನು ತಿಳಿಯುತ್ತೆ."

"ಆ ಹಾಡು ಕಟ್ಟಿದವರು ಯಾರೂ ಉಳಿದಿಲ್ಲ. ಊರೇ ಉಳಿದಿಲ್ಲ. ಆ ಸೊಲ್ಲು ಗೊತ್ತಿರೋದು ಇನ್ನು ನನಗೆ," ಎಂದಳು. "ಮತ್ತೆ ನಿಮಗೆ."

ಒದ್ದೆ ಬಟ್ಟೆಯನ್ನು ಅವಳು ಹಿಂಡದೆ ಹಾಗೇ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದ ಸದ್ದು ಕೇಳಿಸಿತು. ಅವಳು ನಗಲಿಲ್ಲ. ಅವಳು ನಕ್ಕಿದ್ದರೆ ಅನ್ನಿಸಿತು ಅವನಿಗೆ, ಮೊದಲ ಸಲ. ನೀರು ಬೊಗಸೆಯಲ್ಲಿ ತುಂಬಿಕೊಂಡು ಬಾಯಿ ಮುಕ್ಕಳಿಸಿದ. ಇರಲಿ, ತಪ್ಪು ಹೊರಗೆ ಹೋದದ್ದು, ಒಳಗೆ ಸರಿಯಾದದ್ದು ಇದ್ದೇ ಇದೆ. ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡರೆ ಆಯಿತು. ನಾಚಿಕೆಯ ಕೊನೆಯಿಂದ ಶುರುಮಾಡಿದ. ಕ್ಷಮೆ ಬಂತು. ಅದರ ಪಕ್ಕದ ಜಾಗಕ್ಕೆ ಬಂದ. ಅಪ್ಪನ ತೊಡೆಯ ಮೇಲೆ ಕೂತು ಕಲಿತದ್ದು, ಸಾವಿರ ಬೆಳಗು ಈ ನೀರಿನಲ್ಲಿ ನಿಂತು ಹೇಳಿದ್ದು, ಚಳಿಯನ್ನು, ಬಿಸಿಲನ್ನು, ಬೈಗುಳವನ್ನು ಮೈಮೇಲೆ ಬೀಳಗೊಟ್ಟು ಸುಮ್ಮನಿರುವುದಕ್ಕೆ ಇರುವ ಆ ಇನ್ನೊಂದು ಹೆಸರು. ಬಾಯಿ ತೆರೆದ. ವಲೂಷಾ. ಮತ್ತೆ ಹಿಂದಕ್ಕೆ ಹೋಗಿ ಓಡಿ ಬಂದ. ವಲೂಷಾ. ಅರ್ಥ ಎದೆಯಲ್ಲಿ ಗಟ್ಟಿಯಾಗಿ ನಿಂತಿತ್ತು, ಅದಕ್ಕೆ ಹೆಸರಿರಲಿಲ್ಲ.

ಆಚೆ ದಡದಲ್ಲಿ ಪಾಠ ಮುಗಿದಿತ್ತು. ಮಂಜಿನೊಳಗಿನಿಂದ, ಶಿಷ್ಯನ ವಿನಯದ, ಪ್ರೀತಿಯ ದನಿಯಲ್ಲಿ ಶ್ರುತಿಧರ ಕೂಗಿದ:

"ಗುರುಗಳೇ! ಕೇಳಿಸ್ಕೊಂಡ್ರಾ? ಸರಿಯಾಗಿ ಬಂತಾ?"

ಹಲಧರ ಸೊಂಟದಷ್ಟು ನೀರಿನಲ್ಲಿ ನಿಂತಿದ್ದ. ಹುಡುಗ ಕಾಯುತ್ತಿದ್ದ.

"ಬಂತು," ಎಂದ.